ಕೆಲಸದಲ್ಲಿರುವ ಪದವೀಧರರ ಲೆಕ್ಕವೂ ಬೇಕು

ಸಂಪಾದಕರಿಗೆ,

ಮಾನ್ಯರೇ,

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ನಿರುದ್ಯೋಗಿ ಪದವೀಧರರ ಬಗ್ಗೆ ಪತ್ರಿಕೆಗಳಲ್ಲಿಯೂ ಉದ್ಯೋಗ ಮೇಳಗಳ ವೇದಿಕೆಗಳಲ್ಲಿಯೂ ಆಗಾಗ ಚರ್ಚೆ ನಡೆಯುತ್ತದೆ. ಆದರೆ ಉದ್ಯೋಗದಲ್ಲಿರುವ ಪದವೀಧರರು ನಿಜವಾಗಿ ಏನು ಕೆಲಸ ಮಾಡುತ್ತಿದ್ದಾರೆ, ಆ ಕೆಲಸಕ್ಕೂ ಅವರು ಮೂರು ನಾಲ್ಕು ವರ್ಷ ಓದಿದ ವಿಷಯಕ್ಕೂ ಏನಾದರೂ ಸಂಬಂಧವಿದೆಯೇ, ಅದಕ್ಕೆ ಪದವಿಯ ಅಗತ್ಯವಾದರೂ ಇತ್ತೇ ಎಂದು ಕೇಳುವವರು ಕಡಿಮೆ. ಒಂದು ಕೆಲಸ ಸಿಕ್ಕಿತೆಂದರೆ ಆ ಹುಡುಗನ ಅಥವಾ ಹುಡುಗಿಯ ಹೆಸರು ನಿರುದ್ಯೋಗಿಗಳ ಪಟ್ಟಿಯಿಂದ ಹೊರಗೆ ಹೋಗುತ್ತದೆ, ಕಾಲೇಜಿನ ಪ್ಲೇಸ್‌ಮೆಂಟ್ ಪಟ್ಟಿಗೆ ಸೇರುತ್ತದೆ, ಅಲ್ಲಿಗೆ ಎಲ್ಲರ ಜವಾಬ್ದಾರಿಯೂ ಮುಗಿಯುತ್ತದೆ. ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ಬಹುಕಾಲ ಸಿಬ್ಬಂದಿ ವಿಭಾಗವನ್ನು ನೋಡಿಕೊಂಡು ನಿವೃತ್ತನಾದವನು ನಾನು. ಕೆಲಸ ಕೇಳಿ ಬಂದ ಅರ್ಜಿಗಳನ್ನು ಓದುವುದೇ ನನ್ನ ವೃತ್ತಿಯ ದೊಡ್ಡ ಭಾಗವಾಗಿದ್ದುದರಿಂದ ಈ ವಿಷಯದಲ್ಲಿ ನನಗೆ ಹೇಳಬೇಕಾದದ್ದಿದೆ.

ಕೇಂದ್ರ ಸರ್ಕಾರದ 2024–25ನೇ ಸಾಲಿನ ಆರ್ಥಿಕ ಸಮೀಕ್ಷೆ ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಂಡಿತು. ಉದ್ಯೋಗಗಳನ್ನು ವರ್ಗೀಕರಿಸುವ ರಾಷ್ಟ್ರೀಯ ಪಟ್ಟಿಯೊಂದು ನಮ್ಮಲ್ಲಿದೆ. ಅದು ಎಲ್ಲ ಕೆಲಸಗಳನ್ನೂ ಕೌಶಲದ ನಾಲ್ಕು ಹಂತಗಳಲ್ಲಿ ಇಡುತ್ತದೆ. ಹೊರೆ ಹೊರುವುದು, ಗುಡಿಸುವುದು ಮೊದಲಾದವು ಮೊದಲ ಹಂತಕ್ಕೆ ಬರುತ್ತವೆ. ಗುಮಾಸ್ತಿಕೆ, ಅಂಗಡಿಯ ಮಾರಾಟ, ಯಂತ್ರ ನಡೆಸುವ ಕೆಲಸಗಳು ಎರಡನೆಯ ಹಂತಕ್ಕೆ. ತಂತ್ರಜ್ಞರು ಮತ್ತು ವೃತ್ತಿಪರರಿಗೆ ಸಹಾಯಕರಾಗಿ ದುಡಿಯುವವರು ಮೂರನೆಯದಕ್ಕೆ. ವೈದ್ಯರು, ಇಂಜಿನಿಯರರು, ಅಧ್ಯಾಪಕರಂಥ ವೃತ್ತಿಪರರು ನಾಲ್ಕನೆಯದಕ್ಕೆ. ಪದವಿ ಮುಗಿಸಿದವರಿಗೆ ಮೂರನೆಯ ಹಂತದ ಕೆಲಸ ಹೊಂದುತ್ತದೆ ಎಂಬ ಲೆಕ್ಕವನ್ನಿಟ್ಟುಕೊಂಡು ನೋಡಿದಾಗ, ದೇಶದ ಪದವೀಧರರಲ್ಲಿ ಶೇ. 8.25ರಷ್ಟು ಮಂದಿ ಮಾತ್ರ ತಮ್ಮ ಓದಿಗೆ ಹೊಂದುವ ಕೆಲಸದಲ್ಲಿದ್ದಾರೆಂದೂ ಅರ್ಧಕ್ಕಿಂತ ಹೆಚ್ಚು ಮಂದಿ ಅದಕ್ಕಿಂತ ಕೆಳಗಿನ ಹಂತಗಳಲ್ಲಿ ದುಡಿಯುತ್ತಿದ್ದಾರೆಂದೂ ಆ ಸಮೀಕ್ಷೆ ಹೇಳಿತು. ಈ ವರ್ಗೀಕರಣದ ಬಗ್ಗೆ ನನ್ನದೊಂದು ತಕರಾರಿದೆ. ಲೇತ್ ಯಂತ್ರದ ಮುಂದೆ ನಿಂತು ಕೂದಲೆಳೆಯಷ್ಟೂ ವ್ಯತ್ಯಾಸ ಬರದಂತೆ ಕಬ್ಬಿಣವನ್ನು ಕಡೆಯುವ ಅನುಭವಿ ಟರ್ನರನನ್ನು ಕಾಗದಪತ್ರ ಜೋಡಿಸಿಡುವ ಗುಮಾಸ್ತನ ಜೊತೆ ಒಂದೇ ಸಾಲಿನಲ್ಲಿ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೂ ಆ ಸಮೀಕ್ಷೆ ತೋರಿಸಿದ ಒಟ್ಟು ಚಿತ್ರವು ನಾನು ಮೇಜಿನ ಮುಂದೆ ಕುಳಿತು ಕಂಡದ್ದಕ್ಕಿಂತ ಬೇರೆಯದಾಗಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಹುದ್ದೆ ಖಾಲಿಯಾಗಿತ್ತು. ಲಾರಿಯಲ್ಲಿ ಬಂದ ಸರಕನ್ನು ಬಿಲ್ಲಿನೊಂದಿಗೆ ತಾಳೆ ನೋಡುವುದು, ಕಂಪ್ಯೂಟರಿನಲ್ಲಿ ದಾಖಲಿಸುವುದು, ಬೇಡಿಕೆ ಚೀಟಿ ತಂದವರಿಗೆ ಬೋಲ್ಟು, ಬೇರಿಂಗು, ವೆಲ್ಡಿಂಗ್ ರಾಡುಗಳನ್ನು ಎಣಿಸಿ ಕೊಟ್ಟು ಸಹಿ ಹಾಕಿಸಿಕೊಳ್ಳುವುದು, ತಿಂಗಳ ಕೊನೆಗೆ ದಾಸ್ತಾನಿನ ಲೆಕ್ಕ ಒಪ್ಪಿಸುವುದು, ಇಷ್ಟು ಕೆಲಸ. ಪಿಯುಸಿ ಓದಿದ, ಲೆಕ್ಕದಲ್ಲಿ ಪ್ರಾಮಾಣಿಕನಾದ ಹುಡುಗ ಒಂದೆರಡು ತಿಂಗಳಲ್ಲಿ ಕಲಿತು ಚೆನ್ನಾಗಿ ಮಾಡಬಲ್ಲ ಕೆಲಸವಿದು. ಅರ್ಜಿ ಹಾಕಿದವರಲ್ಲಿ ಬಿ.ಕಾಂ., ಬಿಬಿಎ ಆದವರು ಇದ್ದರು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು ಇದ್ದರು, ಎಂಬಿಎ ಆದವರು, ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದವರು ಕೂಡ ಇದ್ದರು. ಆ ಇಂಜಿನಿಯರಿಂಗ್ ಹುಡುಗನನ್ನು ಸಂದರ್ಶನದಲ್ಲಿ, ಈ ಕೆಲಸ ನಿಮ್ಮ ಓದಿಗೆ ತೀರ ಸಣ್ಣದಾಗುವುದಿಲ್ಲವೇ ಎಂದು ಕೇಳಿದಾಗ, ಅವರು ತಲೆ ತಗ್ಗಿಸದೆ ಸ್ಪಷ್ಟವಾಗಿ ಉತ್ತರಿಸಿದರು: “ಸರ್, ಸಾಲದ ಕಂತು ಶುರುವಾಗಿದೆ. ಮನೆಯಲ್ಲಿ ಕೂತರೆ ಕಂತು ನಿಲ್ಲುವುದಿಲ್ಲ.”

ಆ ಉತ್ತರದಲ್ಲಿ ಈ ಸಮಸ್ಯೆಯ ಮುಖ್ಯ ಗಂಟಿದೆ ಎಂದು ನಾನು ಭಾವಿಸುತ್ತೇನೆ. ಬ್ಯಾಂಕುಗಳ ಮಾದರಿ ಶೈಕ್ಷಣಿಕ ಸಾಲ ಯೋಜನೆಯಲ್ಲಿ ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಮರುಪಾವತಿಗೆ ವಿರಾಮವಿರುತ್ತದೆ. ಪರೀಕ್ಷೆ, ಫಲಿತಾಂಶ, ಬೆಂಗಳೂರಿನ ಪಿಜಿಗಳಲ್ಲಿ ಉಳಿದು ನಡೆಸುವ ಹುಡುಕಾಟ, ಇವುಗಳಲ್ಲೇ ಆ ವರ್ಷ ಕಳೆದುಹೋಗುತ್ತದೆ. ಆಮೇಲೆ ಕೈಗೆ ಸಿಕ್ಕಿದ ಮೊದಲ ಕೆಲಸವನ್ನು ಹಿಡಿಯದೆ ಗತಿಯಿಲ್ಲ. ಹಾಗೆ ಹಿಡಿದ ಕೆಲಸದಲ್ಲಿ ಎರಡು ಮೂರು ವರ್ಷ ಕಳೆದರೆ, ಓದಿದ ವಿಷಯ ಮರೆಯುತ್ತದೆ. ತನ್ನ ವಿಷಯದ ಕೆಲಸಕ್ಕೆ ಅರ್ಜಿ ಹಾಕಿದಾಗ, ನಿಮಗೆ ಸಂಬಂಧಪಟ್ಟ ಅನುಭವವಿಲ್ಲ ಎನ್ನುವ ಉತ್ತರ ಬರುತ್ತದೆ, ಆ ವರ್ಷ ಕಾಲೇಜಿನಿಂದ ಹೊರಬಂದ ಹೊಸಬರಿಗೆ ಅವಕಾಶ ಸಿಗುತ್ತದೆ. ತಾತ್ಕಾಲಿಕವೆಂದು ಸೇರಿದ ಕೆಲಸ ಹೀಗೆ ಇಡೀ ವೃತ್ತಿಜೀವನವಾಗಿಬಿಡುತ್ತದೆ. ಇದರಲ್ಲಿ ಆ ಹುಡುಗರ ಆಲಸ್ಯವಾಗಲಿ ಅಯೋಗ್ಯತೆಯಾಗಲಿ ನನಗೆ ಕಾಣಲಿಲ್ಲ. ಅವರ ಮೇಲೆ ಒಂದು ಕಾಲಮಿತಿಯ ಒತ್ತಡವಿತ್ತು, ಅಷ್ಟೇ.

ಇನ್ನೊಂದು ಕಡೆಯನ್ನೂ ಹೇಳಬೇಕು. ಅದೇ ಕಾರ್ಖಾನೆಯಲ್ಲಿ ಸೂಕ್ಷ್ಮ ಬೆಸುಗೆ ಹಾಕುವ ಟಿಗ್ ವೆಲ್ಡರ್ ಮತ್ತು ಕಂಪ್ಯೂಟರ್ ನಿಯಂತ್ರಿತ ಯಂತ್ರ ನಡೆಸುವ ಸಿಎನ್‌ಸಿ ಆಪರೇಟರ್ ಹುದ್ದೆಗಳು ತಿಂಗಳುಗಟ್ಟಲೆ ಖಾಲಿ ಬಿದ್ದಿರುತ್ತಿದ್ದವು. ಒಳ್ಳೆಯ ವೆಲ್ಡರನಿಗೆ ನಾವು ಸ್ಟೋರ್ ಕೀಪರನಿಗಿಂತ ಹೆಚ್ಚು ಸಂಬಳ ಕೊಡುತ್ತಿದ್ದೆವು, ಓವರ್‌ಟೈಮ್ ಬೇರೆ. ಹಾಗಿದ್ದರೂ ಊರಿನ ಹುಡುಗರು ಬರುತ್ತಿದ್ದುದು ಅಪರೂಪ; ಕೊನೆಗೆ ಒಡಿಶಾ, ಝಾರ್ಖಂಡ್, ಬಿಹಾರಗಳಿಂದ ಬಂದವರು ಆ ಸ್ಥಾನಗಳನ್ನು ತುಂಬಿದರು. ಮಲ್ಪೆ ಮತ್ತು ಮಂಗಳೂರು ಬಂದರಿನ ಮೀನುಗಾರಿಕಾ ದೋಣಿಗಳಲ್ಲಿ, ಹೋಟೆಲುಗಳ ಅಡುಗೆಮನೆಗಳಲ್ಲಿ, ಬಹುಮಹಡಿ ಕಟ್ಟಡಗಳ ಕಾಮಗಾರಿಯಲ್ಲಿ ಇಂದು ಕಾಣುವುದೂ ಇದನ್ನೇ. ದೂರದ ಊರಿನಿಂದ ಬಂದು ದುಡಿಯುವವರ ಬಗ್ಗೆ ನನಗೆ ಗೌರವವಿದೆ, ಅವರಿಲ್ಲದೆ ಕರಾವಳಿಯ ಕೆಲಸಗಳು ನಡೆಯುವುದಿಲ್ಲ. ನನ್ನ ಪ್ರಶ್ನೆ ಬೇರೆ. ಸಂಬಳ ಹೆಚ್ಚಿರುವ, ಕಲಿತಷ್ಟೂ ಬೆಲೆ ಬರುವ ಕೆಲಸವೊಂದನ್ನು ನಮ್ಮ ಮನೆಗಳ ಮಕ್ಕಳು ಬಿಟ್ಟು, ಸಂಬಳವೂ ಕಡಿಮೆ, ಮುಂದಿನ ದಾರಿಯೂ ಕಾಣದ ಮೇಜಿನ ಕೆಲಸಕ್ಕೆ ಮುಗಿಬೀಳುವುದೇಕೆ?

ಹುಡುಗರಿಗೆ ಮೈಬಗ್ಗಿಸಿ ದುಡಿಯುವ ಮನಸ್ಸಿಲ್ಲ ಎಂಬ ಉತ್ತರವನ್ನು ನಮ್ಮಲ್ಲಿ ತಟ್ಟನೆ ಕೊಡುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಇದೇ ಹುಡುಗರು ಗಲ್ಫ್ ದೇಶಗಳ ಬಿಸಿಲಿನಲ್ಲಿ ಗೋದಾಮುಗಳಲ್ಲಿ, ಕಟ್ಟಡದ ಸೈಟುಗಳಲ್ಲಿ ದುಡಿಯುತ್ತಾರೆ. ಇಲ್ಲಿಯೇ ಪದವಿ ಮುಗಿಸಿ, ಬೆನ್ನಿಗೆ ಆಹಾರದ ಚೀಲ ಕಟ್ಟಿಕೊಂಡು ಮಳೆಗಾಲದ ರಾತ್ರಿ ಬೈಕಿನಲ್ಲಿ ಮನೆಮನೆಗೆ ತಲುಪಿಸುತ್ತಾರೆ. ಶ್ರಮಕ್ಕೆ ಅವರು ಹೆದರಿದವರಲ್ಲ. ಪದವಿ ಪಡೆದ ಮೇಲೆ ವೆಲ್ಡಿಂಗ್ ಕಲಿಯುವುದೆಂದರೆ ಓದಿಸಿದ ತಂದೆತಾಯಿಗೆ ಏನು ಹೇಳುವುದು ಎಂಬ ಸಂಕೋಚ ಅವರನ್ನು ಹಿಡಿದು ನಿಲ್ಲಿಸುತ್ತದೆ. ಅದರ ಜೊತೆಗೆ, ಕೈಕೆಲಸದ ಹುದ್ದೆಗಳನ್ನು ನಾವು ಉದ್ಯೋಗದಾತರು ಗುತ್ತಿಗೆದಾರರ ಮೂಲಕ ತುಂಬುತ್ತಾ ಬಂದಿದ್ದೇವೆ. ಪಿಎಫ್, ಇಎಸ್ಐ, ರಜೆ, ಬಡ್ತಿ ಇವೆಲ್ಲ ಕಚೇರಿಯ ಸಿಬ್ಬಂದಿಗೆ ಖಚಿತವಾಗಿ ಸಿಗುವಷ್ಟು ಅವರಿಗೆ ಸಿಗುವುದಿಲ್ಲ. ಸ್ಟೋರ್ ಕೀಪರನ ಮಾಸಿಕ ಸಂಬಳದ ಚೀಟಿಗೆ ಬ್ಯಾಂಕಿನಲ್ಲಿ ಸಾಲ ಸಿಗುತ್ತದೆ, ವಧುವಿನ ಕಡೆಯವರು ಒಪ್ಪುತ್ತಾರೆ. ಗುತ್ತಿಗೆಯ ವೆಲ್ಡರನ ಹೆಚ್ಚಿನ ಆದಾಯಕ್ಕೆ ಆ ಮನ್ನಣೆ ಇಲ್ಲ. ಇಂಥ ಸ್ಥಿತಿಯಲ್ಲಿ ಹುಡುಗ ಮೇಜಿನ ಕೆಲಸವನ್ನು ಆರಿಸಿಕೊಂಡರೆ ಅದು ತಿಳಿಗೇಡಿತನವೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಪದವಿಗೂ ಗುಮಾಸ್ತಿಕೆಗೂ ಇರುವ ನಂಟು ನಮ್ಮ ಜಿಲ್ಲೆಗಳಲ್ಲಿ ಬೆಳೆದುಬಂದ ಬಗೆಯನ್ನು ತಿಳಿಯಬೇಕಾದರೆ ಬ್ಯಾಂಕುಗಳ ಕಥೆಯನ್ನು ನೆನೆಯಬೇಕು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನೂ ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕನ್ನೂ ಆರಂಭಿಸಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಇಷ್ಟು ಸಣ್ಣ ಪ್ರದೇಶದಲ್ಲಿ ಇಷ್ಟು ಬ್ಯಾಂಕುಗಳು ಹುಟ್ಟಿದ್ದರಿಂದ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದ ಕರಾವಳಿಯ ಎಷ್ಟೋ ಮಂದಿ ನೇರವಾಗಿ ಗುಮಾಸ್ತರಾಗಿ ಸೇರಿದರು, ಕೆಲಸದಲ್ಲಿದ್ದುಕೊಂಡೇ ಸಂಜೆ ಕಾಲೇಜಿನಲ್ಲಿ ಪದವಿ ಮುಗಿಸಿದರು, ಬ್ಯಾಂಕಿಂಗ್ ಪರೀಕ್ಷೆಗಳನ್ನು ಪಾಸು ಮಾಡಿ ಅಧಿಕಾರಿಗಳಾದರು. ಕಲಿಕೆಯೂ ಕೆಲಸವೂ ಜೊತೆಯಾಗಿ ಸಾಗುತ್ತಿದ್ದ ಆ ಕ್ರಮದಲ್ಲಿ ಓದಿದ್ದು ವ್ಯರ್ಥವಾಗುತ್ತಿರಲಿಲ್ಲ. ಇಂದು ಸಾರ್ವಜನಿಕ ವಲಯದ ಬ್ಯಾಂಕಿನ ಗುಮಾಸ್ತ ಹುದ್ದೆಯ ಪರೀಕ್ಷೆಗೆ ಕೂರಲು ಪದವಿ ಕಡ್ಡಾಯ. ಗಣಕೀಕರಣದಿಂದ ಆ ಕೆಲಸ ಬದಲಾಗಿರುವುದು ನಿಜ, ಗ್ರಾಹಕರೊಂದಿಗಿನ ವ್ಯವಹಾರವೂ ಹೆಚ್ಚಿದೆ. ಆದರೆ ಪಿಯುಸಿ ಮುಗಿಸಿದ ಚುರುಕಾದ ಹುಡುಗಿಯೊಬ್ಬಳು ಕಲಿಯಲಾರದಷ್ಟು ಬದಲಾಗಿದೆಯೆಂದು ನಾನು ನಂಬಲಾರೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದೊಂದಿಗೂ, ಮರುವರ್ಷದ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಂದಿಗೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಂದಿಗೂ ವಿಲೀನವಾದವು. ವಾಣಿಜ್ಯ ಪದವಿ ಓದಿದರೆ ಬ್ಯಾಂಕಿಗೆ ಎಂಬ ದಾರಿ ಕಿರಿದಾಗಿದೆ. ಆ ದಾರಿಯನ್ನು ನಂಬಿ ಬಿ.ಕಾಂ. ತರಗತಿಗಳನ್ನು ತುಂಬುವ ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ.

ಬ್ಯಾಂಕುಗಳು ಹಾಕಿದ ಈ ಮೇಲ್ಪಂಕ್ತಿಯನ್ನು ಸಣ್ಣ ಸಂಸ್ಥೆಗಳೂ ಅನುಸರಿಸಿವೆ. ಮಂಗಳೂರಿನ ಯಾವುದೇ ಜವಳಿ ಮಳಿಗೆ, ವಾಹನ ಶೋರೂಂ, ಆಸ್ಪತ್ರೆಯ ಬಿಲ್ಲಿಂಗ್ ವಿಭಾಗ ಅಥವಾ ಕೊರಿಯರ್ ಕಚೇರಿಯ ಜಾಹೀರಾತನ್ನು ನೋಡಿ. “ಯಾವುದೇ ಪದವಿ” ಎಂಬ ಎರಡು ಶಬ್ದಗಳು ಅಲ್ಲಿರುತ್ತವೆ. ಯಾವುದೇ ಪದವಿ ನಡೆಯುತ್ತದೆ ಎಂದರೆ ಆ ಪದವಿಯಲ್ಲಿ ಕಲಿತ ವಿಷಯ ಕೆಲಸಕ್ಕೆ ಬೇಕಾಗಿಲ್ಲ ಎಂದೇ ತಾನೇ? ಅರ್ಜಿಗಳ ರಾಶಿಯನ್ನು ಅರ್ಧಕ್ಕೆ ಇಳಿಸುವ ಸುಲಭ ಸಾಧನವಾಗಿ ಪದವಿಯನ್ನು ಬಳಸಲಾಗುತ್ತಿದೆ. ಹಾಗೆ ಬಳಸಿದಾಗ ಪಿಯುಸಿ ಮುಗಿಸಿ ದುಡಿಯಲು ಸಿದ್ಧರಿರುವ ಬಡ ಮನೆಯ ಮಕ್ಕಳು ಅರ್ಜಿ ಹಾಕುವ ಹಕ್ಕನ್ನೇ ಕಳೆದುಕೊಳ್ಳುತ್ತಾರೆ. ಅವರೂ ಮೂರು ವರ್ಷ ಕಾಲೇಜಿಗೆ ಹೋಗಬೇಕಾಗುತ್ತದೆ. ಎಲ್ಲರೂ ಪದವೀಧರರಾದ ಮೇಲೆ ಸ್ನಾತಕೋತ್ತರ ಪದವಿಯವರನ್ನು ಆರಿಸುವುದು ಆರಂಭವಾಗುತ್ತದೆ. ಈ ಓಟ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ 2015ರಲ್ಲಿ ಉತ್ತರ ಪ್ರದೇಶದ ಸಚಿವಾಲಯದಲ್ಲಿ ನಡೆದದ್ದನ್ನು ನೆನೆದರೆ ಸಾಕು. ಅಲ್ಲಿನ 368 ಜವಾನ ಹುದ್ದೆಗಳಿಗೆ ಐದನೆಯ ತರಗತಿಯ ಓದು ಮತ್ತು ಸೈಕಲ್ ತುಳಿಯಲು ಬರುವುದು ಅರ್ಹತೆಯಾಗಿತ್ತು. ಅರ್ಜಿ ಹಾಕಿದ ಸುಮಾರು 23 ಲಕ್ಷ ಮಂದಿಯಲ್ಲಿ ಪಿಎಚ್.ಡಿ. ಪಡೆದವರೇ 255 ಮಂದಿ ಇದ್ದರು. ನಮ್ಮ ರಾಜ್ಯದಲ್ಲಿ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಪಿಯುಸಿ ಸಾಕು. ಆ ಪರೀಕ್ಷೆಗೆ ಪದವೀಧರರೂ ಇಂಜಿನಿಯರಿಂಗ್ ಮುಗಿಸಿದವರೂ ಸಿದ್ಧತೆ ನಡೆಸುವುದು ಯಾರಿಗೂ ಹೊಸ ಸುದ್ದಿಯಲ್ಲ.

ಓದಿದವರನ್ನು ಸಣ್ಣ ಕೆಲಸಕ್ಕೆ ಇಟ್ಟುಕೊಂಡರೆ ಉದ್ಯೋಗದಾತನಿಗಾದರೂ ಲಾಭವಿದೆಯೇ ಎಂದರೆ, ಅದೂ ಇಲ್ಲ. ಉಡುಪಿಯಲ್ಲಿ ಟೈಲ್ಸ್ ಮತ್ತು ಸ್ಯಾನಿಟರಿ ಸಾಮಾನು ಮಾರುವ ಒಂದು ಅಂಗಡಿಗೆ ಮನೆ ದುರಸ್ತಿಯ ಸಲುವಾಗಿ ಹೋಗಿದ್ದೆ. ಬಿಲ್ಲಿಂಗ್ ಕೌಂಟರಿನಲ್ಲಿ ಕುಳಿತಿದ್ದ ಹುಡುಗಿ ಸಿವಿಲ್ ಇಂಜಿನಿಯರಿಂಗ್ ಪದವೀಧರೆ. ನನ್ನ ಮುಂದಿದ್ದ ಗ್ರಾಹಕರು ತಮ್ಮ ಬಚ್ಚಲುಮನೆಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಆಕೆ ಅದನ್ನು ನೋಡಿ, ನೆಲಕ್ಕೆಷ್ಟು, ಗೋಡೆಗೆಷ್ಟು, ಕತ್ತರಿಸುವಾಗ ಹಾಳಾಗುವುದಕ್ಕೆಂದು ಎಷ್ಟು ಹೆಚ್ಚಿಗೆ ಬೇಕು ಎಂದು ಪೆಟ್ಟಿಗೆಗಳ ಲೆಕ್ಕ ಹಾಕಿ ಕೊಟ್ಟರು. ನೀರು ಹರಿದುಹೋಗುವ ಕಡೆಗೆ ನೆಲಕ್ಕೆ ಇಳಿಜಾರು ಕೊಟ್ಟಿದ್ದಾರೆಯೇ, ಟೈಲ್ಸ್ ಹಾಕುವ ಮೊದಲು ಜಲನಿರೋಧಕ ಲೇಪನ ಆಗಿದೆಯೇ ಎಂದು ಕೇಳಿದರು. ಗ್ರಾಹಕರ ಮುಖದಲ್ಲಿ ಆ ಪ್ರಶ್ನೆಗಳು ಮೂಡಿಸಿದ ಭರವಸೆಯನ್ನು ನಾನು ಕಂಡೆ. ಆದರೆ ಆ ಅಂಗಡಿಯಲ್ಲಿ ಆಕೆಯ ಕೆಲಸ ಬಿಲ್ಲು ಮಾಡುವುದು, ಸಂಬಳ ಬಿಲ್ಲು ಮಾಡುವವರ ಸಂಬಳ. ಮನೆ ಕಟ್ಟಿಸುವವರಿಗೆ ಸಲಹೆ ಕೊಡುವ, ಸೈಟಿಗೆ ಹೋಗಿ ಅಳತೆ ತೆಗೆದು ಅಂದಾಜು ಪಟ್ಟಿ ಮಾಡಿಕೊಡುವ ಹೊಣೆಯನ್ನು ಆಕೆಗೆ ವಹಿಸಿ ಅದಕ್ಕೆ ತಕ್ಕ ಸಂಬಳ ಕೊಟ್ಟರೆ ಅಂಗಡಿಯ ವ್ಯಾಪಾರವೂ ಹೆಚ್ಚುತ್ತದೆ. ಓದಿದವರು ತಮ್ಮಲ್ಲಿಗೆ ಕೆಲಸಕ್ಕೆ ಬಂದಿರುವಾಗ ಕೆಲಸವನ್ನೇ ಸ್ವಲ್ಪ ದೊಡ್ಡದು ಮಾಡುವ ಯೋಚನೆ ಮಾಲೀಕರಿಗೆ ಬರಬೇಕು. ಹಾಗೆ ಆಗದಿದ್ದರೆ ಆಕೆ ಮುಂದಿನ ಅವಕಾಶ ಸಿಕ್ಕಿದಂದೇ ಹೊರಟುಹೋಗುತ್ತಾರೆ. ನನ್ನ ಅನುಭವದಲ್ಲಿ ಓದಿಗಿಂತ ಕೆಳಗಿನ ಕೆಲಸಕ್ಕೆ ಸೇರಿದವರು ಬೇಗ ಬಿಟ್ಟುಹೋಗುತ್ತಾರೆ, ಮತ್ತೆ ಜಾಹೀರಾತು, ಮತ್ತೆ ತರಬೇತಿ, ಮತ್ತೆ ಅದೇ ಸುತ್ತು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ನಷ್ಟ ಇನ್ನೂ ಹೆಚ್ಚು, ಮತ್ತು ಇನ್ನೂ ಕಡಿಮೆ ಕಣ್ಣಿಗೆ ಬೀಳುವಂಥದು. ಎಂ.ಎಸ್ಸಿ., ಬಿ.ಇ., ಎಂ.ಸಿ.ಎ. ಓದಿದವರು ಮದುವೆಯ ನಂತರ ಮನೆಯಿಂದ ಒಂದೇ ಬಸ್ಸಿನಲ್ಲಿ ತಲುಪಬಹುದಾದ, ಸಂಜೆ ಬೇಗ ಮುಗಿಯುವ ಕೆಲಸವನ್ನು ಹುಡುಕಬೇಕಾಗುತ್ತದೆ. ಆ ವ್ಯಾಪ್ತಿಯಲ್ಲಿ ಸಿಗುವುದು ಹೆಚ್ಚಾಗಿ ಖಾಸಗಿ ಶಾಲೆಯ ಕಡಿಮೆ ಸಂಬಳದ ಹುದ್ದೆ ಅಥವಾ ಕಚೇರಿಯ ಸ್ವಾಗತಕಾರಿಣಿಯ ಸ್ಥಾನ. ಪ್ರಯೋಗಾಲಯಗಳು, ಇಂಜಿನಿಯರಿಂಗ್ ಕಚೇರಿಗಳು, ಸಾಫ್ಟ್‌ವೇರ್ ಸಂಸ್ಥೆಗಳು ಅರ್ಧ ದಿನದ ಹುದ್ದೆಗಳನ್ನು ಅಥವಾ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯನ್ನು ಕಲ್ಪಿಸಿದ್ದರೆ ಇವರಲ್ಲಿ ಅನೇಕರು ತಾವು ಕಲಿತದ್ದನ್ನೇ ಮಾಡುತ್ತಿದ್ದರು.

ಇದನ್ನೆಲ್ಲ ನಮ್ಮ ಜಿಲ್ಲೆಗಳ ಸಂದರ್ಭದಲ್ಲಿ ಒತ್ತಿ ಹೇಳಲು ಕಾರಣವಿದೆ. 2025ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಉಡುಪಿ ರಾಜ್ಯಕ್ಕೇ ಮೊದಲನೆಯದು, ದಕ್ಷಿಣ ಕನ್ನಡ ಎರಡನೆಯದು. ಅದೇ ವರ್ಷದ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಹಿಂದಿನ ವರ್ಷವೂ ಆ ಎರಡು ಸ್ಥಾನಗಳು ಈ ಎರಡು ಜಿಲ್ಲೆಗಳಲ್ಲಿಯೇ ಇದ್ದವು. ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್ 1946ರಿಂದಲೂ, ಮಣಿಪಾಲದ ಇಂಜಿನಿಯರಿಂಗ್ ಕಾಲೇಜು 1957ರಿಂದಲೂ, ಈಗ ಎನ್‌ಐಟಿಕೆ ಆಗಿರುವ ಸುರತ್ಕಲ್ಲಿನ ಕೆಆರ್‌ಇಸಿ ಇಂಜಿನಿಯರಿಂಗ್ ಕಾಲೇಜು 1960ರಿಂದಲೂ ಇಲ್ಲಿವೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ 1980ರಲ್ಲಿ ಸ್ಥಾಪನೆಯಾಯಿತು. ಓದಿನ ಮೇಲೆ ಇಷ್ಟು ಶ್ರದ್ಧೆ ಇಟ್ಟ ನಾಡು ಇದು. ಬೆಳಗಿನ ಮನೆಗೆಲಸ ಮುಗಿಸಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಸಂಜೆಯವರೆಗೆ ಬೀಡಿ ಕಟ್ಟಿ, ಅದನ್ನು ಬೀಡಿ ಕಂಪನಿಯ ಬ್ರಾಂಚಿಗೆ ಒಪ್ಪಿಸಿ ಬಂದ ಹಣದಲ್ಲಿ ಮಕ್ಕಳ ಕಾಲೇಜು ಶುಲ್ಕ ಕಟ್ಟಿದ ತಾಯಂದಿರು ಬಂಟ್ವಾಳ, ಕಾರ್ಕಳ, ಮೂಡುಬಿದಿರೆಗಳ ಮನೆಮನೆಗಳಲ್ಲಿದ್ದಾರೆ. ಬೀಡಿಗೆ ಸಾವಿರದ ಲೆಕ್ಕದಲ್ಲಿ ಮಜೂರಿ. ಎಲೆ ಹರಿದರೆ, ಬೀಡಿ ಸಡಿಲವಾದರೆ ಅದನ್ನು ಬ್ರಾಂಚಿನಲ್ಲಿ ತೆಗೆದು ಬದಿಗಿಡುತ್ತಾರೆ, ಅದಕ್ಕೆ ಹಣವಿಲ್ಲ. ಹಾಗೆ ಸಂಪಾದಿಸಿದ ದುಡ್ಡನ್ನು ಒಂದು ಪದವಿಗೆ ಸುರಿಯುವಾಗ, ಆ ಪದವಿ ಮಗನನ್ನು ಎಲ್ಲಿಗೆ ತಲುಪಿಸುತ್ತದೆ ಎಂದು ತಿಳಿಯುವ ಹಕ್ಕು ಆ ತಾಯಿಗಿದೆ. ಆ ಹಕ್ಕನ್ನು ನಾವು ಈಡೇರಿಸುತ್ತಿಲ್ಲ.

ನನ್ನ ಮುಖ್ಯ ಬೇಡಿಕೆ ಇಲ್ಲಿಂದಲೇ ಹುಟ್ಟುತ್ತದೆ. ಮೇ, ಜೂನ್ ತಿಂಗಳಲ್ಲಿ ರಸ್ತೆಬದಿಯ ಹೋರ್ಡಿಂಗುಗಳಲ್ಲಿ ಕಾಲೇಜುಗಳು ಶೇಕಡಾವಾರು ಪ್ಲೇಸ್‌ಮೆಂಟ್ ಮತ್ತು ಅತ್ಯಧಿಕ ಪ್ಯಾಕೇಜನ್ನು ದೊಡ್ಡ ಅಕ್ಷರಗಳಲ್ಲಿ ಬರೆಸುತ್ತವೆ. ಅತ್ಯಧಿಕ ಪ್ಯಾಕೇಜ್ ಪಡೆದದ್ದು ಒಬ್ಬರೋ ಇಬ್ಬರೋ ವಿದ್ಯಾರ್ಥಿಗಳು. ಉಳಿದವರು ಏನಾದರು ಎಂಬುದು ಅದರಿಂದ ತಿಳಿಯುವುದಿಲ್ಲ. ಶೇ. 90 ಪ್ಲೇಸ್‌ಮೆಂಟ್ ಎಂದಾಗ ಅದರಲ್ಲಿ ಮೆಕ್ಯಾನಿಕಲ್ ಓದಿ ಯಂತ್ರ ವಿನ್ಯಾಸಕ್ಕೆ ಸೇರಿದವರೂ ಇರುತ್ತಾರೆ, ಮೆಕ್ಯಾನಿಕಲ್ ಓದಿ ರಾತ್ರಿಪಾಳಿಯ ಕಾಲ್ ಸೆಂಟರಿಗೆ ಸೇರಿದವರೂ ಇರುತ್ತಾರೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕಾಗಿ ಸಂಸ್ಥೆಗಳು ಎಷ್ಟು ಮಂದಿಗೆ ಉದ್ಯೋಗ ದೊರೆಯಿತು, ಎಷ್ಟು ಮಂದಿ ಉನ್ನತ ವ್ಯಾಸಂಗಕ್ಕೆ ಹೋದರು, ಸಂಬಳದ ಮಧ್ಯಬಿಂದು ಎಷ್ಟು ಎಂಬ ಮಾಹಿತಿ ಕೊಡುತ್ತವೆ. ಅಷ್ಟಾದರೂ ಆಗಿರುವುದು ಒಳ್ಳೆಯದೇ. ಅದರಲ್ಲಿ ದೊರೆತ ಕೆಲಸ ಯಾವ ಸ್ವರೂಪದ್ದು ಎಂಬ ಅಂಕಣವನ್ನೂ ಸೇರಿಸಿದರೆ ಚಿತ್ರ ಪೂರ್ತಿಯಾಗುತ್ತದೆ. ಬ್ರಿಟನ್ನಿನಲ್ಲಿ ಪದವಿ ಮುಗಿದು ಸುಮಾರು 15 ತಿಂಗಳಾದ ಮೇಲೆ ಹಳೆಯ ವಿದ್ಯಾರ್ಥಿಗಳನ್ನು ಸಂಪರ್ಕಿಸಿ, ಈಗ ಏನು ಮಾಡುತ್ತಿದ್ದೀರಿ, ಓದಿನಲ್ಲಿ ಕಲಿತದ್ದು ಈಗಿನ ಕೆಲಸದಲ್ಲಿ ಬಳಕೆಯಾಗುತ್ತಿದೆಯೇ ಎಂದು ಕೇಳುವ ಸಮೀಕ್ಷೆಯೊಂದು ನಡೆಯುತ್ತದೆ, ಅದರ ಫಲಿತಾಂಶ ಪ್ರಕಟವಾಗುತ್ತದೆ. ಎಲ್ಲ ಕಾಲೇಜುಗಳಲ್ಲೂ ಹಳೆಯ ವಿದ್ಯಾರ್ಥಿ ಸಂಘಗಳೂ ವಾಟ್ಸ್‌ಆ್ಯಪ್ ಗುಂಪುಗಳೂ ಇರುವ ನಮ್ಮ ಊರುಗಳಲ್ಲಿ ಇದು ಅಸಾಧ್ಯವೇನಲ್ಲ. ಪ್ರತಿ ಕಾಲೇಜೂ ಪ್ರತಿ ವಿಭಾಗದ ಪದವೀಧರರು ಎರಡು ವರ್ಷಗಳ ನಂತರ ಯಾವ ಬಗೆಯ ಕೆಲಸದಲ್ಲಿದ್ದಾರೆ ಎಂಬುದನ್ನು, ಯಾರ ಹೆಸರನ್ನೂ ಹೇಳದೆ, ತನ್ನ ಜಾಲತಾಣದಲ್ಲಿ ಕನ್ನಡದಲ್ಲಿಯೂ ಪ್ರಕಟಿಸಬೇಕೆಂದು ವಿಶ್ವವಿದ್ಯಾನಿಲಯವು ಮಾನ್ಯತೆಯ ಷರತ್ತಾಗಿಯೇ ವಿಧಿಸಲಿ.

ಪದವಿ ಎಂದರೆ ಬರಿಯ ಉದ್ಯೋಗಕ್ಕಾಗಿಯೇ, ಮನಸ್ಸು ತೆರೆಯುವುದಕ್ಕೆ ಅಲ್ಲವೇ ಎಂದು ಅಧ್ಯಾಪಕ ಮಿತ್ರರು ಕೇಳುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಇತಿಹಾಸ ಓದಿದವನು ಅಂಗಡಿ ನಡೆಸಿದರೆ ಇತಿಹಾಸದ ಓದು ಹಾಳಾಯಿತೆಂದು ನಾನು ಹೇಳುವುದಿಲ್ಲ. ಅವನು ಅದನ್ನು ಬಯಸಿ ಓದಿದ್ದರೆ ಅದು ಅವನ ಜೀವನವನ್ನು ಬೆಳಗಿದೆ. ಆದರೆ ದಾಖಲಾತಿಯ ಸಮಯದಲ್ಲಿ ಉದ್ಯೋಗದ ಆಸೆ ತೋರಿಸಿ ಶುಲ್ಕ ಪಡೆದು, ಉದ್ಯೋಗ ಸಿಗದಾಗ ಜ್ಞಾನದ ಮಹಿಮೆ ಹೇಳುವುದು ನ್ಯಾಯವಲ್ಲ.

ಎರಡನೆಯ ವಿಷಯ ಅಪ್ರೆಂಟಿಸ್ ತರಬೇತಿಯದು, ಅಂದರೆ ಸ್ಟೈಪೆಂಡ್ ಪಡೆದು ಕೆಲಸದ ಜಾಗದಲ್ಲೇ ಕಲಿಯುವ ತರಬೇತಿಯದು. 1961ರ ಅಪ್ರೆಂಟಿಸ್ ಕಾಯ್ದೆ ನಮ್ಮಲ್ಲಿದೆ. 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕೆಂದು ಅದರ ನಿಯಮಗಳು ಹೇಳುತ್ತವೆ; 2014ರ ತಿದ್ದುಪಡಿಯ ನಂತರ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮುಗಿಸಿದವರಿಗೂ ಅದರ ಬಾಗಿಲು ತೆರೆದಿದೆ. ಸರಿಯಾಗಿ ನಡೆಸಿದರೆ ಇದು ಓದು ಮತ್ತು ಕೆಲಸದ ನಡುವಿನ ಅತ್ಯಂತ ಸಹಜವಾದ ಸೇತುವೆ. ಮೆಕ್ಯಾನಿಕಲ್ ಪದವೀಧರರನ್ನು ನಾನು ಸಂದರ್ಶಿಸುವಾಗ ವರ್ನಿಯರ್ ಕ್ಯಾಲಿಪರನ್ನು ಮೇಜಿನ ಮೇಲಿಟ್ಟು ಒಂದು ಶಾಫ್ಟಿನ ವ್ಯಾಸ ಅಳೆಯಲು ಹೇಳುತ್ತಿದ್ದೆ. ಅದರಿಂದ ಅಳೆಯಬಹುದಾದ ಅತಿ ಸಣ್ಣ ಅಳತೆಯ, ಅಂದರೆ ಲೀಸ್ಟ್ ಕೌಂಟಿನ, ಸೂತ್ರವನ್ನು ಎಲ್ಲರೂ ತಪ್ಪಿಲ್ಲದೆ ಹೇಳುತ್ತಿದ್ದರು. ಕೈಯಲ್ಲಿ ಹಿಡಿದು ದವಡೆಗಳನ್ನು ಓರೆಯಾಗದಂತೆ ಕೂರಿಸಿ ಅಳತೆ ಓದಲು ಹಲವರಿಗೆ ಕಷ್ಟವಾಗುತ್ತಿತ್ತು, ಯಾಕೆಂದರೆ ಇಪ್ಪತ್ತು ಮಂದಿಯ ಪ್ರಯೋಗಾಲಯದ ತಂಡದಲ್ಲಿ ಅದು ಅವರ ಕೈಗೆ ಬಂದದ್ದೇ ಕಡಿಮೆ. ಅಪ್ರೆಂಟಿಸ್ ಆಗಿ ಒಂದು ವರ್ಷ ಯಂತ್ರಗಳ ನಡುವೆ ನಿಂತವರು ಹಾಗೆ ತಡವರಿಸುತ್ತಿರಲಿಲ್ಲ. ಆದರೆ ಕೆಲವು ಕಡೆ ಅಪ್ರೆಂಟಿಸನನ್ನು ಜೆರಾಕ್ಸ್ ಮಾಡಲು, ಚಹಾ ತರಲು, ಕಡಿಮೆ ಸ್ಟೈಪೆಂಡಿನಲ್ಲಿ ಖಾಯಂ ನೌಕರನ ಜಾಗ ತುಂಬಲು ಬಳಸುತ್ತಾರೆ. ತರಬೇತಿಯ ಡೈರಿಯನ್ನು ತಿಂಗಳಿಗೊಮ್ಮೆ ಕಾಲೇಜಿನ ಅಧ್ಯಾಪಕರು ಕಾರ್ಖಾನೆಗೆ ಬಂದು ಪರಿಶೀಲಿಸುವಂತಾದರೆ ಇದು ತಪ್ಪುತ್ತದೆ. ಅಧ್ಯಾಪಕರಿಗೂ ಅದರಿಂದ ಪ್ರಯೋಜನವುಂಟು.

ಈ ದಿಕ್ಕಿನಲ್ಲಿ ನಮ್ಮ ನೆಲದಲ್ಲಿಯೇ ಆಗಿರುವ ಕೆಲಸವನ್ನು ಮರೆಯಬಾರದು. 1982ರಲ್ಲಿ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಅಲ್ಪಾವಧಿಯ ತರಬೇತಿ ಕೊಟ್ಟು ಯುವಜನರನ್ನು ಸ್ವ ಉದ್ಯೋಗಕ್ಕೆ ಅಣಿಗೊಳಿಸಿತು. ಆ ಮಾದರಿಯನ್ನು ಕೇಂದ್ರ ಸರ್ಕಾರವೇ ಸ್ವೀಕರಿಸಿ ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು. ಪದವಿ ಮುಗಿದ ಮೇಲೆ ದಾರಿ ತೋಚದೆ ಹೋದವರಿಗೆ ಸಿಗುವ ಇಂಥ ಅಲ್ಪಾವಧಿ ತರಬೇತಿ, ಪದವಿಯ ಎರಡನೆಯ ವರ್ಷದಲ್ಲಿಯೇ ಕಾಲೇಜಿನ ರಜೆಯಲ್ಲಿ ಸಿಗುವಂತಾದರೆ ಇನ್ನೂ ಒಳ್ಳೆಯದು. 2021–22ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ, 2024–25ರಲ್ಲಿ ಮತ್ತೆ ಮೂರು ವರ್ಷದ ಪದವಿ ಎಂದು ಈಚಿನ ವರ್ಷಗಳಲ್ಲಿ ಪಠ್ಯವನ್ನು ಹಿಂದೆ ಮುಂದೆ ಎಳೆದಾಡಿದ್ದಾಗಿದೆ. ಇನ್ನಾದರೂ ವಿದ್ಯಾರ್ಥಿ ಹೊರಗೆ ಬಂದ ಮೇಲೆ ಏನು ಮಾಡುತ್ತಾನೆ ಎಂಬುದರ ಮೇಲೆ ಗಮನ ಹೋಗಲಿ.

ರಾಜ್ಯ ಸರ್ಕಾರದ ಯುವನಿಧಿ ಯೋಜನೆಯ ಬಗ್ಗೆಯೂ ಒಂದು ಮಾತು ಹೇಳಬೇಕಾಗಿದೆ. 2024ರ ಜನವರಿಯಲ್ಲಿ ಆರಂಭವಾದ ಈ ಯೋಜನೆಯಲ್ಲಿ, ತೇರ್ಗಡೆಯಾಗಿ 180 ದಿನ ಕಳೆದರೂ ಉದ್ಯೋಗ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ ಸಿಗುತ್ತದೆ. ಕಂತು ಕಟ್ಟಬೇಕಾದ ಮನೆಗೆ ಇದು ಆಸರೆ, ಅದನ್ನು ಹೀಗಳೆಯುವವರ ಜೊತೆ ನಾನಿಲ್ಲ. ಆದರೆ ಯಾವುದೋ ಅಂಗಡಿಯಲ್ಲಿ ಸಣ್ಣ ಕೆಲಸಕ್ಕೆ ಸೇರಿದೊಡನೆ ಈ ನೆರವು ನಿಲ್ಲುತ್ತದೆ. ತನ್ನ ವಿಷಯದ ಕೆಲಸವನ್ನು ಹುಡುಕಲು ಇನ್ನೂ ಸಹಾಯ ಬೇಕಾದ ಹುಡುಗಿ ಯೋಜನೆಯ ಕಣ್ಣಿನಿಂದ ಮರೆಯಾಗುತ್ತಾಳೆ. ನಿರ್ದಿಷ್ಟ ಸಂಬಳಕ್ಕಿಂತ ಕಡಿಮೆ ಪಡೆಯುವ ಪದವೀಧರರಿಗೆ, ಹಣದ ರೂಪದಲ್ಲಿ ಆಗದಿದ್ದರೆ ಸಂಜೆಯ ಅಥವಾ ಭಾನುವಾರದ ಉಚಿತ ಕೌಶಲ ತರಬೇತಿಯ ರೂಪದಲ್ಲಿಯಾದರೂ ನೆರವು ಮುಂದುವರಿಯಬೇಕು. ಶೈಕ್ಷಣಿಕ ಸಾಲದ ವಿರಾಮವನ್ನೂ, ಅಪ್ರೆಂಟಿಸ್ ತರಬೇತಿಯಲ್ಲಿರುವವರಿಗೆ ಆ ತರಬೇತಿ ಮುಗಿಯುವವರೆಗೆ ವಿಸ್ತರಿಸುವುದು ನ್ಯಾಯ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಕೌಶಲ್ಯ ಸಮಿತಿಗಳಿವೆ. ಬೈಕಂಪಾಡಿ, ಮಣಿಪಾಲ, ಕಾರ್ನಾಡು, ನಂದಿಕೂರುಗಳ ಉದ್ದಿಮೆಗಳಲ್ಲಿ ಪದವೀಧರರು ಯಾವ ಯಾವ ಹುದ್ದೆಯಲ್ಲಿದ್ದಾರೆ, ಯಾವ ಹುದ್ದೆಗಳು ಜನ ಸಿಗದೆ ಖಾಲಿ ಉಳಿದಿವೆ, ಅವುಗಳಲ್ಲಿ ಎಷ್ಟು ನೇರ ನೇಮಕಾತಿಯವು ಮತ್ತು ಎಷ್ಟು ಗುತ್ತಿಗೆಯವು ಎಂಬ ಸರಳ ಪಟ್ಟಿಯೊಂದನ್ನು ಈ ಸಮಿತಿಗಳು ಪ್ರತಿ ಏಪ್ರಿಲಿನಲ್ಲಿ, ಕಾಲೇಜು ದಾಖಲಾತಿ ಆರಂಭವಾಗುವ ಮೊದಲೇ, ಪ್ರಕಟಿಸಬೇಕೆಂದು ಕೋರುತ್ತೇನೆ. ನನ್ನ ವೃತ್ತಿಬಾಂಧವರಾದ ಸಿಬ್ಬಂದಿ ಅಧಿಕಾರಿಗಳಲ್ಲಿ ಬೇರೆ ಬಿನ್ನಹವಿದೆ. ಮುಂದಿನ ಸಲ ಜಾಹೀರಾತು ಕೊಡುವಾಗ ಅರ್ಹತೆಯ ಸಾಲಿಗಿಂತ ಮೊದಲು ಆ ಹುದ್ದೆಯವರು ದಿನವಿಡೀ ಮಾಡಬೇಕಾದ ಕೆಲಸವನ್ನು, ಕೆಲಸದ ಹೊತ್ತನ್ನು ಮತ್ತು ಸಂಬಳವನ್ನು ಬರೆಯಿರಿ. ಆಮೇಲೆ, ಆ ಕೆಲಸಕ್ಕೆ ಪಿಯುಸಿ ಸಾಕೆಂದು ನಿಮಗೇ ಅನ್ನಿಸಿದರೆ ಪಿಯುಸಿ ಎಂದೇ ಬರೆಯಿರಿ. ಇದಕ್ಕೆ ಯಾವ ಕಾಯ್ದೆಯೂ ಅನುದಾನವೂ ಬೇಕಾಗಿಲ್ಲ, ಮಾಲೀಕರ ಒಂದು ಒಪ್ಪಿಗೆ ಸಾಕು.

ಇತಿ,
ನಿವೃತ್ತ ಸಿಬ್ಬಂದಿ ಅಧಿಕಾರಿ,
ಸುರತ್ಕಲ್, ಮಂಗಳೂರು